ಕಾರ್ಡ್ ಟ್ರಂಕಿನಲ್ಲಿತ್ತು

ತಮ್ಮಾ, ಹುಬ್ಬಳ್ಳಿಯಿಂದ ಇಲ್ಲಿ ಉಗಾಂಡಾದ ಕಂಪಾಲಾಕ್ಕೆ ಕೆಲಸಕ್ಕೆ ಬರುತ್ತಿದ್ದೇನೆ, ಯೆಲ್ಲೋ ಫೀವರ್ ಅಂದರೆ ಹಳದಿ ಜ್ವರದ ಲಸಿಕೆ ಹಾಕಿಸಿದ ಕಾರ್ಡಿನ ಫೋಟೋ ಮೊಬೈಲಿನಲ್ಲಿದ್ದರೆ ಸಾಕಾ ಅಂತ ಕೇಳಿದ್ದೀಯ. ಸಾಲದು. ಆ ಹಳದಿ ಕಾರ್ಡೇ ಕೈಯಲ್ಲಿರಬೇಕು.

ಇಂಜೆಕ್ಷನ್ ಒಂದೇ. ಆದರೆ ಓಣಿಯ ಡಾಕ್ಟರ ಹತ್ತಿರ ಚುಚ್ಚಿಸಿಕೊಂಡರೆ ನಡೆಯುವುದಿಲ್ಲ, ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಆಗಬೇಕು. ಪಾಸ್‌ಪೋರ್ಟ್ ಒಯ್ಯಿ. ಸಹಿ, ಸಿಕ್ಕಾ, ಪಾಸ್‌ಪೋರ್ಟ್ ನಂಬರು ಮೂರನ್ನೂ ಅಲ್ಲೇ ನಿಂತು ನೋಡಿಕೋ. ಚುಚ್ಚಿಸಿಕೊಂಡು 10 ದಿನ ಆದ ಮೇಲೇ ಕಾರ್ಡಿಗೆ ಬೆಲೆ. ನಿನ್ನ ಟಿಕೆಟ್ 18ಕ್ಕೆ ಅಂದೆಯಲ್ಲ, 7ನೇ ತಾರೀಖಿನೊಳಗೆ ಮುಗಿಸು. ಮೊಟ್ಟೆ ತಿಂದರೆ ಮೈಗೆ ಆಗಿಬರದಿದ್ದರೆ ಮೊದಲೇ ಹೇಳು, ಈ ಲಸಿಕೆ ಮೊಟ್ಟೆಯಲ್ಲೇ ತಯಾರಾಗೋದು. ಕೋವಿಡ್ ಸರ್ಟಿಫಿಕೇಟ್ ಬೇರೆ, ಇದು ಬೇರೆ. ನಾನು 2009ರಲ್ಲಿ ಹೊರಟಾಗ ಅವ್ವ ಇದನ್ನು ಕಾಮಾಲೆ ಅಂದುಕೊಂಡು ನಾಟಿ ಔಷಧಿ ಕೊಡಿಸಲು ಹೊರಟಿದ್ದಳು!

ಈ ಕಡೆ ಬರುವಾಗ ತೋರಿಸಿದರೆ ಕೆಲಸ ಮುಗಿಯಿತು ಅಂತ ಎಲ್ಲರೂ ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಇಲ್ಲಿಂದ ಊರಿಗೆ ಹೋಗುವಾಗ ನಮ್ಮ ದೇಶದ ವಿಮಾನ ನಿಲ್ದಾಣದಲ್ಲಿ ನಮ್ಮವರೇ ಕೇಳುತ್ತಾರೆ, ಜಾಸ್ತಿ ಬಿಗಿಯಾಗಿ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೂ ಕೂಡಿಹಾಕಬಹುದು. ಆ ರೋಗ ನಮ್ಮ ದೇಶದಲ್ಲಿಲ್ಲ, ಹರಡುವ ಸೊಳ್ಳೆ ಮಾತ್ರ ಇದೆ. ಅವರದೂ ತಪ್ಪಲ್ಲ.

2013ರಲ್ಲಿ ರಜೆಗೆ ಹೋದಾಗ ಹೊಸ ಪಾಸ್‌ಪೋರ್ಟ್ ಮಾಡಿಸಿದೆ. ಹಳೆಯದು ಯಾಕೆ ಬೇಕು ಅಂತ ಅಪ್ಪನ ಕೈಗೆ ಕೊಟ್ಟೆ. ಅದರ ಹೊಟ್ಟೆಯಲ್ಲೇ ಕಾರ್ಡ್ ಇತ್ತು. ಅಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹೊಲದ ಉತಾರದ ಜೊತೆ ಟ್ರಂಕಿನಲ್ಲಿಟ್ಟ. ವಾಪಸ್ ಬರುವಾಗ ಇಲ್ಲಿನ ಎಂಟೆಬೆ ವಿಮಾನ ನಿಲ್ದಾಣದಲ್ಲಿ ಯಾರೂ ಕೇಳಲಿಲ್ಲ. ನಾನೂ ಮರೆತೆ.

2015ರಲ್ಲಿ ಅಪ್ಪ ಹೋದ. ಸಿಕ್ಕ ವಿಮಾನ ಹತ್ತಿ ಮುಂಬೈಯಲ್ಲಿ ಇಳಿದೆ. ಮೊಬೈಲಿನ ಫೋಟೋ ತೋರಿಸಿದೆ, ಕೈ ಮುಗಿದೆ, ಅತ್ತೆ. ಆಗಲಿಲ್ಲ. ಊರಲ್ಲಿದ್ದ ನನ್ನ ಒಡಹುಟ್ಟಿದ ತಮ್ಮನಿಗೆ ಫೋನ್ ಮಾಡಿ ಟ್ರಂಕ್ ತೆಗೆ ಅಂದೆ. ಬೀಗದ ಕೈ ಸಿಗುತ್ತಿಲ್ಲ ಅಂದ. ಕೊನೆಗೆ ಸಿಕ್ಕಿದ್ದು ಅಪ್ಪನಿಗೆ ಸ್ನಾನ ಮಾಡಿಸುವಾಗ. ಉಡದಾರಕ್ಕೆ ಕಟ್ಟಿಕೊಂಡಿದ್ದ.

ಮಣ್ಣು ಮುಗಿಸಿ ತಮ್ಮ ರಾತ್ರಿ ಬಸ್ ಹತ್ತಿದ. ಬೆಳಿಗ್ಗೆ ನನ್ನನ್ನು ಇಟ್ಟಿದ್ದ ಆಸ್ಪತ್ರೆಗೆ ಬಂದಾಗ ಅವನ ಪ್ಯಾಂಟಿನ ಅಂಚಿಗೆ ಇನ್ನೂ ನಮ್ಮ ಹೊಲದ ಕರಿಮಣ್ಣು ಅಂಟಿತ್ತು. ಕಾರ್ಡ್ ಕೈಗಿಟ್ಟ. ಇಬ್ಬರೂ ಮಾತಾಡಲಿಲ್ಲ. ಧಾರವಾಡ ಮುಟ್ಟುವವರೆಗೂ ಮಾತಾಡಲಿಲ್ಲ.

ಈಗ ಅದು ನನ್ನ ಪಾಸ್‌ಪೋರ್ಟ್ ಕವರಿನೊಳಗೇ ಇರುತ್ತದೆ. ಮೊದಲು 10 ವರ್ಷಕ್ಕೊಮ್ಮೆ ಮತ್ತೆ ಚುಚ್ಚಿಸಬೇಕಿತ್ತು, 2016ರ ಜುಲೈಯಿಂದ ಒಂದು ಸಲ ಮಾಡಿಸಿದ್ದು ಜೀವನಪೂರ್ತಿಗೆ ಸಾಕು. ಪಾಸ್‌ಪೋರ್ಟ್ ಬದಲಾದರೆ ಹಳೆಯದನ್ನೂ ಜೊತೆಗಿಟ್ಟುಕೋ, ನಂಬರು ತಾಳೆ ನೋಡಿದರೆ ಬೇಕಾಗುತ್ತದೆ.

ಊಟ, ಮನೆ, ಸಂಬಳದ ಬಗ್ಗೆ ಕೇಳಿದ್ದಕ್ಕೆ ಬಂದ ಮೇಲೆ ಕೂತು ಹೇಳುತ್ತೇನೆ. ಜೋಳ ಇಲ್ಲೂ ಸಿಗುತ್ತದೆ, ರೊಟ್ಟಿ ಬಡಿಯೋರು ಸಿಗೋದಿಲ್ಲ. ಪೇಡೆ ತರಬೇಡ, ದಾರಿಯಲ್ಲಿ ಕೆಡುತ್ತದೆ. ಗುರೆಳ್ಳು ಚಟ್ನಿಪುಡಿ ಒಂದು ಕೆಜಿ ತಂದರೆ ಬೇಡ ಅನ್ನೋದಿಲ್ಲ.