ಊದಬೇಡಿ, ಒರೆಸಿ ನೋಡಿ: ಹಳೇ ವಿಡಿಯೊ ಗೇಮ್ ಕ್ಯಾಸೆಟ್ ರಿಪೇರಿ

ಈ ಸಲ ಬಂದ ಪತ್ರಗಳಲ್ಲಿ ಐದು ಹಾಸನ, ಚಿಕ್ಕಮಗಳೂರು ಜಿಲ್ಲೆಗಳವು, ಐದೂ ಹಳೇ ಗೇಮ್ ಕ್ಯಾಸೆಟ್ಟಿನ ಕುರಿತಾದವು. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟಿದ್ದೇವೆ.

ಪ್ರಶ್ನೆ: ಸಾರ್, ಅಟ್ಟ ಗುಡಿಸುವಾಗ ಹಳೇ ಟೀವಿ ಗೇಮೂ ಹನ್ನೊಂದು ಕ್ಯಾಸೆಟ್ಟೂ ಸಿಕ್ಕವು. ಮೂರು ಓಡುತ್ತವೆ. ಮಿಕ್ಕವನ್ನು ಹಾಕಿದರೆ ಬರೀ ಬೂದು ಪರದೆ. ಊದಿ ಊದಿ ಹಾಕಿದರೆ ಒಂದೊಂದು ಸಲ ಬರುತ್ತೆ, ಮತ್ತೆ ಇಲ್ಲ. ಇವು ಸತ್ತೇ ಹೋಗಿವೆಯಾ? (ಸಕಲೇಶಪುರ)

ಉತ್ತರ: ಸತ್ತಿಲ್ಲ. ಮೂರು ಓಡುತ್ತವೆ ಅಂದಮೇಲೆ ಗೇಮ್ ಪೆಟ್ಟಿಗೆ, ಅಡಾಪ್ಟರ್, ಟೀವಿ ಮೂರೂ ಸರಿಯಾಗಿವೆ. ಮಿಕ್ಕವು ಒಂದೊಂದು ಸಲವಾದರೂ ಬರುತ್ತವೆ ಅಂದರೆ ಅವುಗಳ ಚಿಪ್ಪೂ ಚೆನ್ನಾಗಿದೆ. ಕೆಟ್ಟಿರುವುದು ಕ್ಯಾಸೆಟ್ಟಿನ ಬಾಯಲ್ಲಿ ಕಾಣುವ ತಾಮ್ರದ ಪಟ್ಟಿಗಳು. ನಮ್ಮ ಕಡೆ ಮಾರಾಟವಾದ ಹೆಚ್ಚಿನ ಟೀವಿ ಗೇಮ್‌ಗಳು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲುಗಳು. ಆ ಕ್ಯಾಸೆಟ್ಟಿಗೆ ಒಂದೊಂದು ಮುಖದಲ್ಲಿ 30ರಂತೆ ಒಟ್ಟು 60 ಪಟ್ಟಿ. ಅವುಗಳಲ್ಲಿ ಒಂದು ಸರಿಯಾಗಿ ತಾಗದಿದ್ದರೂ ಗೇಮ್ ನಿಲ್ಲಬಹುದು. ನಿಮ್ಮ ಊರಿನ ಮಳೆಗಾಲಕ್ಕೆ ತಾಮ್ರ ಕಿಲುಬು ಹಿಡಿಯದೆ ಉಳಿದರೆ ಅದೇ ಹೆಚ್ಚು.

ಊದುವುದನ್ನು ಇವತ್ತೇ ಬಿಡಿ. ಊದಿದ್ದರಿಂದ ಬಂತು ಅಂತ ಅನಿಸುತ್ತದೆ, ನಿಜವಾಗಿ ಕೆಲಸ ಮಾಡಿದ್ದು ತೆಗೆದು ಮತ್ತೆ ಹಾಕಿದ್ದು. ಆ ತಿಕ್ಕಾಟದಲ್ಲಿ ಕಿಲುಬು ಒಂಚೂರು ಕೆರೆದುಹೋಗಿ ಪಟ್ಟಿ ತಾಗುತ್ತದೆ. ಬಾಯಿಯ ತೇವವಂತೂ ಅಲ್ಲೇ ಕೂತು ಮುಂದಿನ ವಾರದ ಕಿಲುಬಾಗುತ್ತದೆ.

ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲ್ ತನ್ನಿ, 99 ಪರ್ಸೆಂಟಿನದು. ಕೈಗೆ ಹಚ್ಚುವ ಸ್ಯಾನಿಟೈಸರ್ ಆಗದು, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತದೆ. ಥಿನ್ನರ್, ಪೆಟ್ರೋಲ್ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅದ್ದಿ, ಪಟ್ಟಿಯ ಉದ್ದಕ್ಕೆ ಮೇಲೆ ಕೆಳಗೆ ಉಜ್ಜಿ. ಅಡ್ಡಡ್ಡ ಉಜ್ಜಿದರೆ ಪಟ್ಟಿಯ ತುದಿ ಎದ್ದುಬರುತ್ತದೆ. ಮೊದಲ ಕಡ್ಡಿ ಕಾಡಿಗೆಯ ಹಾಗೆ ಕಪ್ಪಾಗಿ ಬರುತ್ತದೆ, ನಾಲ್ಕೈದನೆಯದು ಬೆಳ್ಳಗೆ ಬರಬೇಕು. ಐದು ನಿಮಿಷ ಆರಲು ಬಿಟ್ಟು ಹಾಕಿ ನೋಡಿ.

ಹಸಿರು ಕಿಲುಬು ಗಟ್ಟಿಯಾಗಿ ಕೂತಿದ್ದರೆ ಇಷ್ಟಕ್ಕೆ ಬಗ್ಗುವುದಿಲ್ಲ, ಕವಚ ಬಿಚ್ಚಬೇಕು. ಕೆಲವಕ್ಕೆ ಲೇಬಲ್ಲಿನ ಕೆಳಗೆ ಒಂದು ಸ್ಕ್ರೂ ಇರುತ್ತದೆ, ಹೆಚ್ಚಿನವಕ್ಕೆ ಬರೀ ಪ್ಲಾಸ್ಟಿಕ್ ಕೊಕ್ಕೆ. ಹಳೇ ಎಟಿಎಂ ಕಾರ್ಡನ್ನು ಬಿರುಕಿಗೆ ತೂರಿಸಿ ನಿಧಾನವಾಗಿ ಜಾರಿಸಿ. ಬಿಚ್ಚುವ ಮೊದಲೇ ಬೋರ್ಡಿನ ಯಾವ ಮುಖ ಲೇಬಲ್ ಕಡೆಗಿದೆ ಎಂದು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಬೋರ್ಡನ್ನು ತಿರುಗಿಸಿ ಕೂರಿಸಿ, ಒಳ್ಳೇ ಕ್ಯಾಸೆಟ್ಟು ಸತ್ತಿತೆಂದು ಎಸೆಯುವವರು ಬೇಕಾದಷ್ಟು ಜನ. ಬೋರ್ಡು ಕೈಗೆ ಬಂದಮೇಲೆ ಮಕ್ಕಳು ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರಿನಿಂದ ಪಟ್ಟಿಗೆ ಆರೇಳು ಸಲ ಹಗುರಾಗಿ ಎಳೆಯಿರಿ, ಪುಡಿಯನ್ನು ಆಲ್ಕೊಹಾಲಿನಲ್ಲಿ ಒರೆಸಿ. ಉಪ್ಪುಕಾಗದ ಬೇಡವೇ ಬೇಡ. ಪಟ್ಟಿಯ ಮೇಲಿನ ಲೇಪ ಬಹಳ ತೆಳು, ಅದು ಹೋದರೆ ಬರೀ ತಾಮ್ರ ಗಾಳಿಗೆ ಬಿದ್ದು ಒಂದೇ ಮಳೆಗಾಲದಲ್ಲಿ ಮೊದಲಿಗಿಂತ ಕೆಟ್ಟದಾಗುತ್ತದೆ.

ಗೇಮಿನ ಸ್ಲಾಟ್ ಮರೆಯಬೇಡಿ. ಅಡಾಪ್ಟರ್ ಕಿತ್ತಿಟ್ಟು, ಅದೇ ಎಟಿಎಂ ಕಾರ್ಡಿಗೆ ನೂಲು ಬಿಡದ ತೆಳು ಬಟ್ಟೆ ಸುತ್ತಿ, ಆಲ್ಕೊಹಾಲಿನಲ್ಲಿ ತೇವ ಮಾಡಿ ಹತ್ತು ಸಲ ಹಾಕಿ ತೆಗೆಯಿರಿ. ಕಾರ್ಡು ಬಿಗಿಯಾಯಿತು ಅನಿಸಿದರೆ ಬಟ್ಟೆಯ ಒಂದು ಸುತ್ತು ಬಿಚ್ಚಿ. ಒತ್ತಿ ತೂರಿಸಿದರೆ ಸ್ಪ್ರಿಂಗ್ ಅಗಲವಾಗಿ ಯಾವ ಕ್ಯಾಸೆಟ್ಟೂ ಹಿಡಿಯುವುದಿಲ್ಲ.

ಪ್ರಶ್ನೆ: ಗೇಮ್ ಶುರುವಾಗುತ್ತೆ, ಹಾಡೂ ಕೇಳುತ್ತೆ. ಚಿತ್ರ ಮಾತ್ರ ಕಲಸಿಹೋಗಿದೆ, ಉದ್ದುದ್ದ ಗೆರೆ ಬರುತ್ತವೆ. ಇನ್ನೊಂದು ಕ್ಯಾಸೆಟ್ಟಿನಲ್ಲಿ ಚಿತ್ರ ಸರಿ, ಸದ್ದಿಲ್ಲ. ಎರಡನ್ನೂ ಒರೆಸಿ ಆಗಿದೆ. (ಹಾಸನ)

ಉತ್ತರ: ನೀವು ಹೇಳಿದ ಲಕ್ಷಣವೇ ಜಾಗ ತೋರಿಸುತ್ತಿದೆ. ಈ 60 ಪಟ್ಟಿಗಳಲ್ಲಿ ಒಂದು ತುದಿಯ ಅರ್ಧ ಗೇಮ್ ನಡೆಸುವ ಪ್ರೊಸೆಸರಿನದು, ಇನ್ನೊಂದು ತುದಿಯ ಅರ್ಧ ಚಿತ್ರದ್ದು. ಒಂದು ಮುಖದಲ್ಲಿ 2ರಿಂದ 14 ಪ್ರೊಸೆಸರಿಗೆ, 17ರಿಂದ 29 ಚಿತ್ರಕ್ಕೆ. ಇನ್ನೊಂದು ಮುಖದಲ್ಲಿ 32ರಿಂದ 44 ಪ್ರೊಸೆಸರಿಗೆ, 47ರಿಂದ 60 ಚಿತ್ರಕ್ಕೆ. 1 ಮತ್ತು 16 ನೆಗೆಟಿವ್, 30 ಮತ್ತು 31 ಐದು ವೋಲ್ಟ್. 1ರ ಬೆನ್ನಿಗೇ 31 ಇರುತ್ತದೆ. ಹಾಡು ಕೇಳಿ ಗೇಮ್ ಓಡುತ್ತಿದೆ ಅಂದಮೇಲೆ ಪ್ರೊಸೆಸರಿನ ಅರ್ಧವನ್ನು ಮುಟ್ಟುವ ಕೆಲಸವಿಲ್ಲ.

ಇನ್ನೂ ಹತ್ತಿರದಿಂದ ನೋಡಿ. ಪರದೆಯ ಚಿತ್ರವೆಲ್ಲ ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳಿಂದ ಜೋಡಿಸಿದ್ದು. ಚಿತ್ರದ ಮಾಹಿತಿ ಒಯ್ಯುವ, ಬೋರ್ಡಿನ ಮೇಲಿನ ಎಂಟು ಡೇಟಾ ಗೆರೆಗಳಲ್ಲಿ (26ರಿಂದ 29, 57ರಿಂದ 60) ಒಂದು ಕಡಿದರೆ ಪ್ರತಿ ಚೌಕದಲ್ಲೂ ಒಂದೇ ಜಾಗದ ಚುಕ್ಕೆ ಕೆಡುತ್ತದೆ. ಪರದೆಯ ಮೇಲೆ ಎಂಟು ಚುಕ್ಕೆಗೊಂದರಂತೆ ಮೇಲಿಂದ ಕೆಳಗೆ ಗೆರೆ ಕಾಣುವುದು ಅದಕ್ಕೇ. ಆಕಾರ ಸರಿಯಿದ್ದು ಬಣ್ಣ ಮಾತ್ರ ತಪ್ಪಿದರೆ 22ನೆಯ ಪಟ್ಟಿ ನೋಡಿ. ಮರದ ಜಾಗದಲ್ಲಿ ಅಕ್ಷರ, ಮೋಡದ ಜಾಗದಲ್ಲಿ ಇಟ್ಟಿಗೆ ಬಂದರೆ, ಯಾವ ಚೌಕ ಬೇಕೆಂದು ಚಿಪ್ಪಿಗೆ ತಿಳಿಸುವ ಅಡ್ರೆಸ್ ಗೆರೆಗಳನ್ನು ನೋಡಿ.

ಮಲ್ಟಿಮೀಟರನ್ನು ಬೀಪ್‌ಗೆ ಹಾಕಿ ಪಟ್ಟಿಯಿಂದ ಚಿಪ್ಪಿನ ಕಾಲಿನವರೆಗೆ ಒಂದೊಂದೇ ಗೆರೆ ಹಿಡಿದು ನೋಡಿ. ಬೀಪ್ ಬಾರದ ಗೆರೆ ಸಿಕ್ಕಿದಾಗ ಕತ್ತಲಲ್ಲಿ ಬೋರ್ಡಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಕಡಿದ ಜಾಗದಲ್ಲಿ ಕೂದಲೆಳೆಯಷ್ಟು ಬೆಳಕು ತೂರಿ ಬರುತ್ತದೆ. ಅದರ ಎರಡೂ ಬದಿ 3 ಮಿಲಿಮೀಟರ್ ಹಸಿರು ಬಣ್ಣವನ್ನು ಬ್ಲೇಡಿನಲ್ಲಿ ಕೆರೆದು, ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಪೇಸ್ಟ್) ಹಚ್ಚಿ, 25 ವ್ಯಾಟ್ ಐರನ್‌ನಲ್ಲಿ ತೆಳ್ಳಗೆ ಲೆಡ್ ಹಿಡಿಸಿ. 30 ಗೇಜಿನ ಒಂಟಿ ತಂತಿಯ ಚೂರನ್ನು ಮೇಲಿಟ್ಟು ಬೆಸೆಯಿರಿ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಐರನ್ ಒತ್ತಿದರೆ ಗೆರೆಯೇ ಸುಲಿದು ಏಳುತ್ತದೆ. ಬೆಸೆದಮೇಲೆ ಅಕ್ಕಪಕ್ಕದ ಗೆರೆಗೆ ಕೂಡಿಕೊಂಡಿದೆಯೇ ನೋಡಿ. ಆದರೆ 48 ಮತ್ತು 49 ಬಹುತೇಕ ಕ್ಯಾಸೆಟ್ಟುಗಳಲ್ಲಿ ಮೊದಲಿನಿಂದಲೂ ಕೂಡಿಯೇ ಇರುತ್ತವೆ, ಅಲ್ಲಿ ಬೀಪ್ ಬಂತೆಂದು ಬೇರೆ ಮಾಡಬೇಡಿ.

ಸದ್ದಿಲ್ಲದ ಕ್ಯಾಸೆಟ್ಟಿನದು ಸುಲಭ. ಫ್ಯಾಮಿಕಾಮ್ ವಿನ್ಯಾಸದಲ್ಲಿ ಸದ್ದು 45ನೆಯ ಪಟ್ಟಿಯಿಂದ ಕ್ಯಾಸೆಟ್ಟಿನೊಳಗೆ ಹೋಗಿ 46ರಿಂದ ಹೊರಗೆ ಬರುತ್ತದೆ. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಇವೆರಡನ್ನು ಒಂದು ಪುಟ್ಟ ಗೆರೆ ಸೇರಿಸಿರುತ್ತದೆ. ಬೀಪ್ ಬಾರದಿದ್ದರೆ ಅಲ್ಲೊಂದು ತಂತಿ ಬೆಸೆಯಿರಿ, ಸದ್ದು ಬರುತ್ತದೆ.

ಪ್ರಶ್ನೆ: ಒಂದು ಕ್ಯಾಸೆಟ್ ಹಾಕಿದ ಕೂಡಲೇ ಗೇಮಿನ ಕೆಂಪು ದೀಪವೇ ಮಂಕಾಗುತ್ತೆ. ಬಿಚ್ಚಿ ನೋಡಿದರೆ ಚಿಪ್ಪೇ ಇಲ್ಲ, ಕರೀ ಟಾರಿನಂಥ ಉಬ್ಬಿದ ಗುಂಡಿ ಇದೆ. (ಮೂಡಿಗೆರೆ)

ಉತ್ತರ: ಅದನ್ನು ಮತ್ತೆ ಹಾಕಬೇಡಿ. ಒಳಗೆ ಶಾರ್ಟ್ ಆಗಿದೆ, ಗೇಮ್ ಪೆಟ್ಟಿಗೆಗೆ ಐದು ವೋಲ್ಟ್ ಕೊಡುವ 7805 ರೆಗ್ಯುಲೇಟರ್ ಸುಮ್ಮನೆ ಬಿಸಿಯಾಗುತ್ತದೆ. ಕ್ಯಾಸೆಟ್ ಕೈಯಲ್ಲಿಟ್ಟುಕೊಂಡೇ 1 ಮತ್ತು 31ನೆಯ ಪಟ್ಟಿಗಳ ನಡುವೆ ಓಮ್ ಅಳೆಯಿರಿ. ಐದು ಓಮಿಗಿಂತ ಕಡಿಮೆ ತೋರಿಸಿದರೆ ಶಾರ್ಟ್ ಖಚಿತ. ಬೋರ್ಡಿನ ಮೇಲೆ 104 ಎಂದು ಬರೆದ ಬಿಲ್ಲೆಯಂಥ ಕೆಪಾಸಿಟರ್ ಇದ್ದರೆ ಅದರ ಒಂದು ಕಾಲು ಎತ್ತಿ ಮತ್ತೆ ಅಳೆಯಿರಿ. ಓಮ್ ಏರಿತೆಂದರೆ ಕಳ್ಳ ಸಿಕ್ಕಿದ ಹಾಗೆ. 0.1 ಮೈಕ್ರೊಫ್ಯಾರಡ್, 50 ವೋಲ್ಟಿನ ಹೊಸದು ಹಾಕಿ, ಯಾವ ದಿಕ್ಕಿಗೆ ಹಾಕಿದರೂ ಸರಿ.

ಏರದಿದ್ದರೆ ಶಾರ್ಟ್ ಇರುವುದು ಗುಂಡಿಯೊಳಗೆ. ಕರೀ ಎಪಾಕ್ಸಿಯ (ಗಟ್ಟಿಯಾಗುವ ಅಂಟಿನ) ಕೆಳಗೆ ಚಿಪ್ಪನ್ನು ನೇರ ಬೋರ್ಡಿಗೇ ಅಂಟಿಸಿ ಕೂದಲಿಗಿಂತ ಸಣ್ಣ ತಂತಿಗಳಿಂದ ಜೋಡಿಸಿರುತ್ತಾರೆ. ಅದನ್ನು ತೆಗೆದು ಬೇರೆ ಹಾಕುವುದು ಆಗದ ಮಾತು, ಆಸೆ ಬಿಡಿ. ಶಾರ್ಟ್ ಇಲ್ಲದೆ ಬರೀ ಬೂದು ಪರದೆ ಬಂದು, ಗುಂಡಿಯನ್ನು ಬೆರಳಿನಿಂದ ಒತ್ತಿದಾಗ ಮಾತ್ರ ಓಡುವ ಕ್ಯಾಸೆಟ್ಟುಗಳದೂ ಇದೇ ಕಥೆ, ಒಳತಂತಿ ಬಿಟ್ಟಿದೆ. ಕಾಲಿರುವ ನಿಜವಾದ ಚಿಪ್ಪಾದರೆ ದಾರಿ ಉಂಟು: ನಾವೇ ಬರೆಯಬಹುದಾದ ಖಾಲಿ ಚಿಪ್ಪಾದ ಇಪ್ರೋಮ್‌ಗೆ ಗೇಮ್ ಬರೆದು ಹಾಕಬಹುದು. ಆದರೆ 128 ಕಿಲೊಬೈಟಿನ ಮೂಲ ಚಿಪ್ಪಿಗೆ ಸಾಮಾನ್ಯವಾಗಿ 28 ಕಾಲು, ಅಷ್ಟೇ ಅಳತೆಯ 27ಸಿ010 ಇಪ್ರೋಮ್‌ಗೆ 32. ನಾಲ್ಕಾರು ಕಾಲುಗಳಿಗೆ ಬೇರೆ ತಂತಿ ಎಳೆಯಬೇಕಾಗುತ್ತದೆ. ಮೊದಲ ಪ್ರಯತ್ನಕ್ಕೆ ಈ ಕೆಲಸ ಬೇಡ.

ಪ್ರಶ್ನೆ: ಗೇಮ್ ಬಾಯ್‌ನ ಪೋಕೆಮಾನ್ ಗೋಲ್ಡ್ ಚೆನ್ನಾಗಿಯೇ ಓಡುತ್ತೆ, ಸೇವ್ ಮಾತ್ರ ಉಳಿಯೋದಿಲ್ಲ. (ಚಿಕ್ಕಮಗಳೂರು)

ಉತ್ತರ: ಬ್ಯಾಟರಿ ಮುಗಿದಿದೆ. ಆ ಕ್ಯಾಸೆಟ್ಟು ಸೇವ್ ಇಟ್ಟುಕೊಳ್ಳುವುದೂ ಗಡಿಯಾರ ಓಡಿಸುವುದೂ ಒಂದೇ ಸಿಆರ್2025 ಬಿಲ್ಲೆಯಲ್ಲಿ. ಹಿಂದಿನ ಸ್ಕ್ರೂ ಬಿಚ್ಚಲು 3.8 ಮಿಲಿಮೀಟರಿನ ವಿಶೇಷ ಸ್ಕ್ರೂಡ್ರೈವರ್ ತುದಿಯಾದ ಗೇಮ್‌ಬಿಟ್ ಬೇಕು. ಕಾಲು ಬೆಸೆದೇ ಬರುವ ಬ್ಯಾಟರಿ ಕೊಳ್ಳಿ. ಬರೀ ಬಿಲ್ಲೆಗೆ ಐರನ್ ಮುಟ್ಟಿಸಿದರೆ ಲಿಥಿಯಂ ಬಿಸಿಯಾಗಿ ಸಿಡಿಯಬಹುದು. ಪ್ಲಸ್, ಮೈನಸ್ ನೋಡಿಕೊಂಡು ಹಳೆಯದರ ದಿಕ್ಕಿಗೇ ಕೂರಿಸಿ. ಹೊಸದು 3 ವೋಲ್ಟಿನ ಆಸುಪಾಸು ತೋರಿಸಬೇಕು. ಹೆಸರಿನ 20 ಅಂದರೆ ಅಗಲ 20 ಮಿಲಿಮೀಟರ್, 25 ಅಂದರೆ ದಪ್ಪ 2.5. ಸಿಆರ್2032 ದಪ್ಪ 3.2, ಕವಚ ಸರಿಯಾಗಿ ಮುಚ್ಚದಿರಬಹುದು. ಪೋಕೆಮಾನ್‌ನದೇ ರೂಬಿ, ಸಫೈರ್ ಕ್ಯಾಸೆಟ್ಟು ಇರುವವರು ಗಾಬರಿಯಾಗಬೇಡಿ: ಬ್ಯಾಟರಿ ಖಾಲಿ ಎಂಬ ಸಂದೇಶ ಬಂದರೂ ಅವುಗಳ ಸೇವ್ ಫ್ಲ್ಯಾಶ್ ಮೆಮೊರಿಯಲ್ಲಿರುತ್ತದೆ, ನಿಲ್ಲುವುದು ಗಡಿಯಾರದ ಕೆಲಸ ಮಾತ್ರ.

ಪ್ರಶ್ನೆ: ರಿಪೇರಿ ಮಾಡಿಟ್ಟದ್ದು ಆಷಾಢ ಕಳೆಯುವಷ್ಟರಲ್ಲಿ ಮತ್ತೆ ಕಿಲುಬು. ಎಲ್ಲಿಡೋದು? (ಕೊಪ್ಪ)

ಉತ್ತರ: ಅಟ್ಟದಲ್ಲಿ ಬೇಡ, ಒಲೆಯ ಹೊಗೆ ತಾಗುವ ಕಡೆಯೂ ಬೇಡ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಜತೆಗಿಡಿ. ಅದು ಹಸಿರಿಗೆ ತಿರುಗಿದರೆ ತೇವ ಕುಡಿದಿದೆ ಎಂದರ್ಥ. ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಕಿತ್ತಳೆಯಾಗುತ್ತದೆ. ಡಬ್ಬಿ ತುಂಬುವುದು ಬಿಸಿಲು ಕಾದ ಮಧ್ಯಾಹ್ನವೇ ಆಗಲಿ. ಮಳೆ ಹಿಡಿದ ದಿನ ಮುಚ್ಚಿದರೆ ಆ ತೇವವನ್ನೂ ಒಳಗೇ ಕೂಡಿಹಾಕಿದ ಹಾಗೆ.