ಕಡಿಮೆ ಕೂಗುವ ಹುಂಜ ಬೇಕು ಅಂದವರಿಗೆ

ಹೊಸ ದೇಶದಲ್ಲಿ ಹಿತ್ತಲಿರುವ ಬಾಡಿಗೆ ಮನೆ ಸಿಕ್ಕಿದೆ, ಐದಾರು ಹೇಂಟೆಗಳ ಜೊತೆ ಒಂದು ಹುಂಜವನ್ನೂ ಸಾಕುವ ಆಸೆ, ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ಕಡಿಮೆ ಕೂಗುವ ತಳಿ ಯಾವುದು ಎಂದು ಕೇಳಿದ್ದೀರಿ. ನಾನು ಈ ಕಡೆ ನೆಲೆ ನಿಂತು ಬಹಳ ಕಾಲವಾಯಿತು, ಕೋಳಿಯನ್ನೂ ಸಾಕಿಕೊಂಡೇ ಬಂದಿದ್ದೇನೆ. ತಳಿಯ ವಿಚಾರಕ್ಕೆ ಆಮೇಲೆ ಬರೋಣ.

ಬರೀ ಮೊಟ್ಟೆಗಾದರೆ ಹುಂಜ ಬೇಕಿಲ್ಲ, ಹೇಂಟೆಗಳು ತಮ್ಮಷ್ಟಕ್ಕೆ ಇಡುತ್ತವೆ. ಮರಿ ಬೇಕೆಂದರೂ ಹುಂಜವಿರುವವರ ಹತ್ತಿರ ಮೊಟ್ಟೆ ತಂದು ಕಾವಿಗೆ ಕೂತ ಹೇಂಟೆಯ ಅಡಿ ಇಡಬಹುದು. ಆದರೂ ಹುಂಜ ಬೇಕು ಅನ್ನಿಸುವುದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಗಿಡುಗ ಕಂಡರೆ ಎಚ್ಚರಿಸುತ್ತದೆ, ಕಾಳು ಕಂಡರೆ ತಾನು ತಿನ್ನದೆ ಹೇಂಟೆಗಳನ್ನು ಕರೆಯುತ್ತದೆ. ಅದಿರುವ ಹಿತ್ತಲಿನ ಕಳೆಯೇ ಬೇರೆ.

ನಿಯಮ ನೋಡಿಕೊಳ್ಳಿ. ಹೇಂಟೆಗೆ ಒಪ್ಪಿ ಹುಂಜ ಬೇಡ ಅನ್ನುವ ನಗರಸಭೆಗಳು ಬಹಳ. ಮನೆ ಮಾಲೀಕರ ಒಪ್ಪಿಗೆಯನ್ನೂ ಬರವಣಿಗೆಯಲ್ಲೇ ಪಡೆಯಿರಿ. ಅನುಮತಿ ಇದ್ದ ಕಡೆಯೂ ಗದ್ದಲದ ದೂರು ಬೇರೆಯೇ ನಡೆಯಬಹುದು. ಫ್ರಾನ್ಸಿನ ಒಲೆರಾನ್ ದ್ವೀಪದ ಮೊರೀಸ್ ಎಂಬ ಹುಂಜದ ಕೂಗು ಕೋರ್ಟಿಗೆ ಹೋಗಿ, 2019ರಲ್ಲಿ ತೀರ್ಪು ಹುಂಜದ ಪರವಾಗಿ ಬಂತು. 2021ರಲ್ಲಿ ಅಲ್ಲಿ ಹಳ್ಳಿಯ ಸದ್ದು, ವಾಸನೆಗಳನ್ನು ಕಾಪಾಡುವ ಕಾನೂನೂ ಆಯಿತು. ಅದನ್ನು ನಂಬಿಕೊಂಡು ಒತ್ತೊತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ಹುಂಜ ತರಬೇಡಿ. ಬಂಧುಬಳಗ ಇಲ್ಲದ ಜಾಗದಲ್ಲಿ ಕಷ್ಟಕ್ಕೆ ಮೊದಲು ಓಡಿ ಬರುವವರು ಬೇಲಿಯಾಚೆಯವರೇ. ಅವರಲ್ಲಿ ಎಷ್ಟೋ ಜನ ಮುಖಕ್ಕೆ ಹೇಳುವುದಿಲ್ಲ, ತಿಂಗಳುಗಟ್ಟಲೆ ಸಹಿಸಿಕೊಂಡು ಒಂದು ದಿನ ನೇರವಾಗಿ ಕಚೇರಿಗೆ ಬರೆಯುತ್ತಾರೆ. ಹುಂಜ ತರುವ ಮುಂಚೆಯೇ ಹೋಗಿ ಮಾತಾಡಿ, ಅವರ ಮಲಗುವ ಕೋಣೆ ಯಾವ ಮಗ್ಗುಲಿಗಿದೆ ಎಂದು ಕೇಳಿ, ಗೂಡನ್ನು ಅದಕ್ಕೆ ದೂರವಾಗಿ ಕಟ್ಟಿ.

ಈಗ ತಳಿ. ಕೂಗದ ಹುಂಜ ಅಂತ ಯಾವುದೂ ಇಲ್ಲ. ಬ್ರಹ್ಮ, ಕೊಚಿನ್, ಆರ್ಪಿಂಗ್ಟನ್‌ನಂಥ ಭಾರದ ತಳಿಗಳು ಸಾಮಾನ್ಯವಾಗಿ ಸಾಧು, ದನಿ ದಪ್ಪ. ಬಾಂಟಂ ಹುಂಜಗಳು ಗಾತ್ರದಲ್ಲಿ ಪುಟ್ಟವಾದರೂ ದನಿ ಕೀರಲು. ಟರ್ಕಿಯ ಡೆನಿಜ್ಲಿ, ಜಪಾನಿನ ತೊತೆಂಕೊ ತಳಿಗಳನ್ನಂತೂ ಉದ್ದ ಕೂಗಿಗೆಂದೇ ಬೆಳೆಸಿದ್ದಾರೆ, ಅವುಗಳ ಗೋಜಿಗೆ ಹೋಗಬೇಡಿ. ಆದರೆ ಒಂದೇ ತಾಯಿಯ ಎರಡು ಹುಂಜಗಳು ಬೇರೆ ಬೇರೆ ಥರ ಕೂಗುತ್ತವೆ. ಅದಕ್ಕೇ ನಾನು ಹೇಳುವುದು: ತಳಿಯನ್ನು ಆರಿಸಬೇಡಿ, ಹುಂಜವನ್ನು ಆರಿಸಿ. ಮರಿ ತರಬೇಡಿ. ನಾಲ್ಕೈದು ತಿಂಗಳಾಗಿ ಗಂಟಲು ಬಲಿಯುವವರೆಗೆ ಅದು ಹೇಗೆ ಕೂಗುತ್ತದೆಂದು ಯಾರೂ ಹೇಳಲಾರರು. ವರ್ಷ ತುಂಬಿದ ಹುಂಜವನ್ನು ಹುಡುಕಿ. ಸಾಕಿದವರನ್ನು ಕೇಳಿಕೊಂಡು ನಸುಕಿನಲ್ಲೇ ಹೋಗಿ ನಿಂತು ಕೇಳಿ. ಮಧ್ಯಾಹ್ನ ಹೋದರೆ ಎಲ್ಲ ಹುಂಜವೂ ಒಳ್ಳೆಯದಾಗಿಯೇ ಕಾಣುತ್ತದೆ.

ಕೇಳುವಾಗ ಒಂದು ಸೂಕ್ಷ್ಮವಿದೆ. ಹುಂಜಗಳ ಗುಂಪಿನಲ್ಲಿ ಮೇಲಿನ ಸ್ಥಾನದ್ದು ಮೊದಲು ಕೂಗುತ್ತದೆ, ಉಳಿದವು ಆಮೇಲೆ ಸರದಿಯಂತೆ. ಜಪಾನಿನ ಸಂಶೋಧಕರು 2015ರಲ್ಲಿ ಇದನ್ನು ತೋರಿಸಿದರು. ಮೇಲಿನದನ್ನು ತೆಗೆದರೆ ಎರಡನೆಯದು ಶುರು ಮಾಡುತ್ತದೆ. ಅಂದರೆ ಗುಂಪಿನಲ್ಲಿ ಸುಮ್ಮನಿದ್ದ ಹುಂಜ ನಿಮ್ಮ ಹಿತ್ತಲಿಗೆ ಒಂಟಿಯಾಗಿ ಬಂದು ಯಜಮಾನನಾದಾಗ ಗಂಟಲು ಬಿಚ್ಚಬಹುದು. ಹೇಂಟೆಗಳ ಜೊತೆ ಒಂದೇ ಹುಂಜವಿರುವ ಗೂಡಿನಿಂದ ತಂದರೆ ನೀವು ಕೇಳಿದ್ದೇ ನಿಮಗೆ ಸಿಗುವ ಸಾಧ್ಯತೆ ಹೆಚ್ಚು. ಎರಡನ್ನು ಸಾಕಿದರೆ ಪೈಪೋಟಿ ತಪ್ಪಿದ್ದಲ್ಲ.

ಕೂಗು ಹತೋಟಿಗೆ ಬರುವುದು ಗೂಡಿನಿಂದ. ಬೆಳಕು ಕಂಡು ಮಾತ್ರ ಹುಂಜ ಕೂಗುವುದಲ್ಲ, ಅದರ ಮೈಯೊಳಗೇ ಗಡಿಯಾರವಿದೆ. ಮಂದ ಬೆಳಕಿನಲ್ಲೇ ಇಟ್ಟ ಹುಂಜಗಳೂ ಹೊತ್ತಿಗೆ ಸರಿಯಾಗಿ ಕೂಗಿದ್ದನ್ನು ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ವರದಿ ಮಾಡಿದರು. ಹಾಗಾಗಿ ಕತ್ತಲೆಯ ಗೂಡು ಕೂಗನ್ನು ಪೂರ್ತಿ ನಿಲ್ಲಿಸುವುದಿಲ್ಲ. ಆದರೆ ಬೀದಿದೀಪ, ಕಾರಿನ ಬೆಳಕಿಗೆ ಬೆಚ್ಚಿ ಕೂಗುವುದು ತಪ್ಪುತ್ತದೆ, ದಪ್ಪ ಗೋಡೆ ಸದ್ದನ್ನೂ ತಗ್ಗಿಸುತ್ತದೆ. ರಾತ್ರಿ ಒಳಗೆ ಹಾಕಿ, ನೆರೆಯವರು ಎದ್ದ ಮೇಲೆ ಬಾಗಿಲು ತೆಗೆಯಿರಿ. ಗಾಳಿಗೆ ಮಾತ್ರ ಕೊರತೆಯಾಗಬಾರದು. ಬೆಳಕು ನೇರ ಬೀಳದಂತೆ ಅಡ್ಡಹಲಗೆ ಕೊಟ್ಟು ಗಾಳಿಕಂಡಿ ಬಿಡಿ, ಇಲ್ಲದಿದ್ದರೆ ಹಿಕ್ಕೆಯ ಅಮೋನಿಯಾ ಕಟ್ಟಿಕೊಂಡು ಉಸಿರಾಟದ ಕಾಯಿಲೆ ಬರುತ್ತದೆ. ಭೂಮಧ್ಯರೇಖೆಗೆ ದೂರದ ದೇಶಗಳಲ್ಲಿ ಬೇಸಿಗೆಯ ಬೆಳಕು ನಾವು ಹುಟ್ಟಿ ಬೆಳೆದ ಕಡೆಗಿಂತ ಬಹಳ ಬೇಗ ಬರುತ್ತದೆ. ಕೆಲವು ಕಡೆ ನಾಲ್ಕಕ್ಕೆ ಮುಂಚೆಯೇ ಬೆಳಕು ಹರಿದಿರುತ್ತದೆ. ಚಳಿಗಾಲದಲ್ಲಿ ತೊಂದರೆ ಕೊಡದ ಹುಂಜ ಬೇಸಿಗೆಯ ಹೊತ್ತಿಗೆ ಬೀದಿಯನ್ನೇ ಎಬ್ಬಿಸುವುದು ಹೀಗೆ.

ಕುತ್ತಿಗೆಗೆ ಕಟ್ಟುವ ಪಟ್ಟಿ ಮಾರುತ್ತಾರೆ. ಬಿಗಿದಷ್ಟೂ ಕೂಗು ತಗ್ಗುತ್ತದೆ, ಬಿಗಿದಷ್ಟೂ ಉಸಿರೂ ಕಟ್ಟುತ್ತದೆ. ಸೆಖೆಯಲ್ಲಿ ಕೋಳಿ ಬಾಯಿ ತೆರೆದು ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು, ಆಗ ಅದು ಅಪಾಯ. ನಾನು ಯಾರಿಗೂ ಅದನ್ನು ಕಟ್ಟಿ ಅನ್ನುವುದಿಲ್ಲ. ಗಂಟಲಿಗೆ ಶಸ್ತ್ರಚಿಕಿತ್ಸೆ ಮಾಡಿಸುವ ಯೋಚನೆಯಂತೂ ಬೇಡವೇ ಬೇಡ.

ಹುಂಜ ಕೊಡುವವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ: ಒಂದು ತಿಂಗಳು ನೋಡಿ, ಅಕ್ಕಪಕ್ಕದವರಿಗೆ ಆಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು. ಆಗಲ್ಲ ಅಂದವರಿಂದ ತರಬೇಡಿ.