ಅದು ರಿಯಾಯಿತಿ ಅಲ್ಲ

ದೃಷ್ಟಿ ತುಂಬ ಮಂದವಿರುವ ಎಂ.ಎ. ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ. ಮೇಷ್ಟ್ರು ಕಳಿಸುವ ನೋಟ್ಸ್ ಅವರ ಸ್ಕ್ರೀನ್ ರೀಡರ್‌ಗೆ, ಅಂದರೆ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ, ಓದಲು ಬರುತ್ತಿಲ್ಲ. ಪರೀಕ್ಷೆಗೆ ಜಾಸ್ತಿ ಸಮಯ ಕೇಳಿದರೆ, ‘ನಿನಗೊಬ್ಬಳಿಗೆ ರಿಯಾಯಿತಿ ಕೊಟ್ಟರೆ ಉಳಿದವರಿಗೆ ಅನ್ಯಾಯ ಅಲ್ವಾ?’ ಎಂದರಂತೆ. ಮತ್ತೆ ಕೇಳಲೋ, ಸುಮ್ನಿರಲೋ ಎಂಬುದು ಅವರ ಪ್ರಶ್ನೆ.

ಮತ್ತೆ ಕೇಳಿ. ‘ರಿಯಾಯಿತಿ’ ಅನ್ನೋ ಪದ ಮಾತ್ರ ನಿಮ್ಮ ಬಾಯಲ್ಲಿ ಬರದಿರಲಿ.

ಪ್ರಶ್ನೆಪತ್ರಿಕೆಯನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಪದ ಪದ ಕೂಡಿಸಿ ಓದುತ್ತೇನೆ ಎಂದಿದ್ದೀರಿ. ಸಾಲು ತಪ್ಪಿದರೆ ಮತ್ತೆ ಮೊದಲಿಂದ. ಪಕ್ಕದವರು ಎರಡನೇ ಉತ್ತರಕ್ಕೆ ಹೋದಾಗ ನೀವಿನ್ನೂ ಮೊದಲ ಪ್ರಶ್ನೆ ಓದುತ್ತಿರುತ್ತೀರಿ. ಪರೀಕ್ಷೆ ಇರುವುದು ಇತಿಹಾಸದ್ದು. ಸಮಯ ಹೆಚ್ಚಿಸಿದರೆ ಪ್ರಶ್ನೆಯೇನೂ ಸುಲಭವಾಗುವುದಿಲ್ಲ. ಶೀಘ್ರಲಿಪಿ ಪರೀಕ್ಷೆಯಾಗಿದ್ದರೆ ಬೇರೆ ಮಾತು, ಅಲ್ಲಿ ವೇಗವೇ ಪಾಠ. ಆಗ ಮೇಷ್ಟ್ರ ಜೊತೆ ನಾನೂ ಸ್ವಲ್ಪ ಯೋಚಿಸುತ್ತಿದ್ದೆ.

ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ, ಉನ್ನತ ಶಿಕ್ಷಣದಲ್ಲೂ ಸೂಕ್ತ ಹೊಂದಾಣಿಕೆ, ಅಂದರೆ ಅವರವರ ಅಗತ್ಯಕ್ಕೆ ತಕ್ಕ ಬದಲಾವಣೆ, ಮಾಡಿಕೊಡಬೇಕು ಎನ್ನುತ್ತದೆ. ಮಾಡಿಕೊಡದಿದ್ದರೆ ಅದೂ ತಾರತಮ್ಯವೇ ಎಂದು 2ನೇ ವಿಧಿಯಲ್ಲಿದೆ. ಮಾಡಿಕೊಡುವವರಿಗೆ ಹೊರಲಾರದ ಹೊರೆ ಆಗಬಾರದು ಎಂಬ ಮಿತಿಯೂ ಅಲ್ಲೇ ಇದೆ. ಆದರೆ ನಿಮ್ಮ ನೋಟ್ಸ್ ವಿಷಯದಲ್ಲಿ ಹೊರೆ ಎಲ್ಲಿಂದ ಬಂತು? ನೀವೇ ಬರೆದಂತೆ, ಮೇಷ್ಟ್ರು ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು, ಅದರ ಫೋಟೊ ಹೊಡೆದು ಪಿಡಿಎಫ್ ಮಾಡಿ ಕಳಿಸುತ್ತಾರೆ. ಸ್ಕ್ರೀನ್ ರೀಡರ್ ‘ಚಿತ್ರ’ ಎಂದು ಹೇಳಿ ಸುಮ್ಮನಾಗುತ್ತದೆ. ಮೂಲ ಫೈಲನ್ನೇ ಕಳಿಸಿದರೆ ಅವರಿಗೂ ಎರಡು ಕೆಲಸ ಕಡಿಮೆ!

1962ರಲ್ಲಿ ಎಡ್ ರಾಬರ್ಟ್ಸ್ ಎಂಬ ವಿದ್ಯಾರ್ಥಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿದಾಗ, ಪೋಲಿಯೊ ಆಗಿದ್ದ ಅವರಿಗೆ ಉಸಿರಾಡಲು ದೊಡ್ಡ ಯಂತ್ರವೇ ಬೇಕಿತ್ತು. ಹಾಸ್ಟೆಲಿನಲ್ಲಿ ಅದಕ್ಕೆ ಅನುಕೂಲವಿರಲಿಲ್ಲ. ಕ್ಯಾಂಪಸ್ಸಿನ ಆಸ್ಪತ್ರೆಯಲ್ಲೇ ವಾಸಕ್ಕೆ ಜಾಗ ಮಾಡಿಕೊಟ್ಟರು. ಆಮೇಲೆ ಅವರಂಥ ಇನ್ನೂ ಕೆಲವರು ಅಲ್ಲಿಗೇ ಓದಲು ಬಂದರು. ನೀವು ಕೇಳುತ್ತಿರುವುದು ಒಂದು ಫೈಲು, ಒಂದಿಷ್ಟು ನಿಮಿಷ.

ಕ್ಲಾಸಿನಲ್ಲಿ ಎಲ್ಲರೆದುರು ಕೇಳಬೇಡಿ. ಬರೆದು ಕೊಡಿ. ಕಣ್ಣಿನ ತೊಂದರೆಯ ಕತೆಯೆಲ್ಲ ಬೇಡ, ವೈದ್ಯರ ಸರ್ಟಿಫಿಕೇಟ್ ಕಚೇರಿಗೆ ಸಾಕು. ಮೇಷ್ಟ್ರಿಗೆ ತಿಳಿಯಬೇಕಾದದ್ದು ನಿಮಗೇನು ಬೇಕು ಅನ್ನೋದಷ್ಟೇ. ತಾರೀಕು ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಪರೀಕ್ಷೆಯ ವೇಳಾಪಟ್ಟಿ ಬರುವ ಮೊದಲೇ ಕೊಡಿ. ತಡವಾದರೆ ‘ಈಗ ಆಗಲ್ಲಮ್ಮ, ಮೊದಲೇ ಹೇಳಬಾರದಿತ್ತಾ?’ ಅಂತಾರೆ.

– ಸಂ.